ಗಿರಿ ದಾರೀಲೇ ಸಿಗುತ್ತಂತೆ!

"ಬೆಳಿಗ್ಗೆ ಐದಕ್ಕೆ ಮಂಗಳೂರು ಬಿಡೋದು. ಚಾರ್ಮಾಡಿ ಹತ್ತಿ ಕೊಟ್ಟಿಗೆಹಾರದಲ್ಲಿ ತಿಂಡಿ. ಬಾಬಾಬುಡನ್‌ಗಿರಿ ಹೇಗೂ ದಾರೀಲೇ ಸಿಗುತ್ತೆ, ನೋಡ್ಕೊಂಡು ಹೊರಟ್ರೆ ರಾತ್ರಿ ಊಟಕ್ಕೆ ಬೆಂಗಳೂರು!"

ಈ ಪ್ಲಾನನ್ನು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ ಲೆಕ್ಕ ಇಟ್ಟಿಲ್ಲ. ಹೇಳುವವರ ಮುಖದಲ್ಲಿ ಏನು ಹುರುಪು ಅಂತೀರಿ! ಫೋನಿನ ಮ್ಯಾಪ್ ತೆಗೆದು ನೀಲಿ ಗೆರೆ ತೋರಿಸುತ್ತಾರೆ. ಗಂಟೆ ಲೆಕ್ಕ ಅದೇ ಹೇಳುತ್ತದೆ. ಮತ್ತೆ ಯೋಚಿಸಲಿಕ್ಕೆ ಏನಿದೆ?

ನನ್ನ ತಕರಾರು ಇರುವುದೇ ಆ "ದಾರೀಲೇ ಸಿಗುತ್ತೆ" ಅನ್ನುವ ಮಾತಿನ ಮೇಲೆ. ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಘಟ್ಟ ದಾಟುವ ದಿನ ಸುಮ್ಮನೆ ದಾಟಿ. ಗಿರಿ ನೋಡುವ ದಿನ ಗಿರಿ ನೋಡಿ. ಎರಡನ್ನೂ ಒಂದೇ ಹಗಲಿಗೆ ತುರುಕಬೇಡಿ. ಇದು ನಿಮ್ಮ ಸೊಂಟನೋವಿನ ಬಗ್ಗೆ ಕಾಳಜಿಯಿಂದ ಹೇಳುತ್ತಿರುವುದಲ್ಲ (ಅದೂ ಇದೆ ಅನ್ನಿ). ಆ ದಾರಿಯಲ್ಲಿ ನಿಮ್ಮದಲ್ಲದ ಜೀವಗಳೂ ಓಡಾಡುತ್ತಿರುತ್ತವೆ, ಅದಕ್ಕೆ.

ಮೊದಲನೆಯದಾಗಿ, ಗಿರಿ ದಾರಿಯಲ್ಲಿ ಸಿಗುವುದೇ ಇಲ್ಲ ಮಾರಾಯ್ರೆ! ಮಂಗಳೂರಿಂದ ಬಿ.ಸಿ.ರೋಡ್, ಬೆಳ್ತಂಗಡಿ, ಉಜಿರೆ, ಚಾರ್ಮಾಡಿ, ಕೊಟ್ಟಿಗೆಹಾರ ಆಗಿ ಮೂಡಿಗೆರೆಗೆ ಬಂದವರಿಗೆ ಬೆಂಗಳೂರಿನ ದಾರಿ ಬೇಲೂರಿನ ಕಡೆಗೆ ಹೋಗುತ್ತದೆ. ಚಿಕ್ಕಮಗಳೂರಿಗೆ ಹೋಗಬೇಕಾದರೆ ಅದನ್ನು ಬಿಟ್ಟು ಮೂವತ್ತು ಕಿ.ಮೀ. ಬೇರೆ ದಿಕ್ಕಿಗೆ ತಿರುಗಬೇಕು. ಅಲ್ಲಿಂದ ಗಿರಿ ಇನ್ನೂ ಉತ್ತರಕ್ಕೆ, ಇನ್ನೂ ಮೇಲಕ್ಕೆ. ಹೋಗಿ ಬರಲು ಅರವತ್ತು ಕಿ.ಮೀ. ಹಿಡಿಯುತ್ತದೆ, ಅದೂ ಎದುರಿಂದ ಇನ್ನೊಂದು ಗಾಡಿ ಬಂದರೆ ಉಸಿರು ಬಿಗಿಹಿಡಿಯಬೇಕಾದ ತಿರುವುಗಳಲ್ಲಿ. ಇಳಿದ ಮೇಲೆ ಮತ್ತೆ ಬೇಲೂರಿನ ಕಡೆಗೋ ಕಡೂರಿನ ಕಡೆಗೋ ಹೋಗಿಯೇ ಬೆಂಗಳೂರಿನ ದಾರಿ ಹಿಡಿಯಬೇಕು.

ಈಗ ಗಂಟೆ ಲೆಕ್ಕ ಹಾಕೋಣ. ಐದಕ್ಕೆ ಹೊರಟರೆ ಚಾರ್ಮಾಡಿಯ ಬುಡಕ್ಕೆ ಬರುವಾಗ ಏಳು. ಮಂಜಿಲ್ಲದಿದ್ದರೆ, ಯಾವ ಗಾಡಿಯೂ ಕೆಟ್ಟು ನಿಂತಿಲ್ಲದಿದ್ದರೆ ಕೊಟ್ಟಿಗೆಹಾರಕ್ಕೆ ಎಂಟು. ಅಲ್ಲಿ ನೀರ್‌ದೋಸೆಗೆ ಅರ್ಧ ಗಂಟೆ (ನೀರ್‌ದೋಸೆ ತಿನ್ನದೆ ಕೊಟ್ಟಿಗೆಹಾರ ದಾಟುವವರ ಜೊತೆ ನನಗೆ ಮಾತಿಲ್ಲ :-) ). ಚಿಕ್ಕಮಗಳೂರಿಗೆ ಹತ್ತು. ಕೈಮರ ಚೆಕ್‌ಪೋಸ್ಟ್, ಅಲ್ಲಿಂದ ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ, ಮಾಣಿಕ್ಯಧಾರ ಅಂತ ಸುತ್ತಿ ಕೆಳಗಿಳಿಯುವಾಗ ಬೇಗ ಅಂದರೂ ಮಧ್ಯಾಹ್ನ ಎರಡೂವರೆ. ಊಟ ಮುಗಿಸಿ ಹೊರಡುವಾಗ ಮೂರೂವರೆ. ಬೆಂಗಳೂರಿಗೆ ಸುಮಾರು 245 ಕಿ.ಮೀ., ಐದು ಗಂಟೆ ದಾರಿ. ನೆಲಮಂಗಲದ ಹತ್ತಿರ ವಾರಾಂತ್ಯದ ಸಾಲು ಸಿಕ್ಕಿದರೆ ಮನೆ ಬಾಗಿಲಿಗೆ ಹತ್ತು ಗಂಟೆ. ಹದಿನೇಳು ಗಂಟೆ, ಹತ್ತಿರ ಹತ್ತಿರ 460 ಕಿ.ಮೀ., ಸಾಮಾನ್ಯವಾಗಿ ಒಬ್ಬನೇ ಡ್ರೈವರ್. ಅದೂ ಎಲ್ಲವೂ ಸರಿಯಾಗಿ ನಡೆದರೆ!

ಆದರೆ ಘಟ್ಟದಲ್ಲಿ ಎಲ್ಲವೂ ಸರಿಯಾಗಿ ನಡೆಯುವ ದಿನ ಎಷ್ಟು? ಒಂದು ಕಡೆ ಅರ್ಧ ಗಂಟೆ ತಪ್ಪಿತು ಅಂದುಕೊಳ್ಳಿ. ಆ ಅರ್ಧ ಗಂಟೆಯನ್ನು ಎಲ್ಲಿ ಹಿಂದಕ್ಕೆ ಪಡೆಯುತ್ತೀರಿ? ನೆಲಮಂಗಲದಲ್ಲಂತೂ ಆಗುವುದಿಲ್ಲ. ಮೂಡಿಗೆರೆಯ ತಿರುವುಗಳಲ್ಲಿ, ಗಿರಿಯ ಇಳಿಜಾರಿನಲ್ಲಿ ಪಡೆಯಲು ನೋಡುತ್ತೀರಿ. ಏರುವಾಗ ಹಾಕಿದ ಗೇರಿನಲ್ಲೇ ಇಳಿಯಬೇಕು ಅನ್ನುವುದು ಘಟ್ಟದ ಡ್ರೈವರುಗಳ ಹಳೆಯ ನಿಯಮ. ಏರುವ ಗಾಡಿಗೆ ಇಳಿಯುವ ಗಾಡಿ ದಾರಿ ಬಿಡಬೇಕು ಅನ್ನುವುದು ಬರಿಯ ಸೌಜನ್ಯ ಅಲ್ಲ, ಕಾನೂನಿನಲ್ಲೇ ಇದೆ. ಗಡಿಯಾರ ನೋಡಿಕೊಂಡು ಇಳಿಯುವವನು ಎರಡನ್ನೂ ಮರೆಯುತ್ತಾನೆ. ನ್ಯೂಟ್ರಲ್‌ನಲ್ಲಿ ಬಿಟ್ಟು, ಬ್ರೇಕ್ ತುಳಿದು ತುಳಿದು ಕಾಯಿಸಿ, ಸುಟ್ಟ ವಾಸನೆ ಬಂದ ಮೇಲೆ ತಿರುವಿನಲ್ಲೇ ನಿಲ್ಲಿಸಿ ಬಾನೆಟ್ ಎತ್ತಿಕೊಂಡು ನಿಂತಿರುತ್ತಾನೆ. (ಬ್ರೇಕು ಇರುವುದು ಅಲ್ಲಲ್ಲಪ್ಪಾ!)

ಇನ್ನು ಅದು ಯಾರ ದಾರಿ ಅನ್ನುವ ಪ್ರಶ್ನೆ. ಕರಾವಳಿಯಿಂದ ಬರುವವರಿಗೆ ಚಾರ್ಮಾಡಿ ಅಂದರೆ ಜಲಪಾತ, ಮಂಜು, ಫೋಟೋ. ಬಣಕಲ್, ಕೊಟ್ಟಿಗೆಹಾರ, ಮೂಡಿಗೆರೆಯವರಿಗೆ ಅದು ಆಸ್ಪತ್ರೆಯ ದಾರಿ. ನಮ್ಮ ಕಡೆ ಕಾಯಿಲೆ ಸ್ವಲ್ಪ ದೊಡ್ಡದು ಅಂತಾದರೆ "ಮಂಗಳೂರಿಗೆ ಕರ್ಕೊಂಡು ಹೋಗಿ" ಅನ್ನುವ ಮಾತು ಇವತ್ತಿನದಲ್ಲ. ಎದೆನೋವಿನವರು, ಹೆರಿಗೆ ಕಷ್ಟವಾದವರು, ಮರದಿಂದ ಬಿದ್ದ ಕೂಲಿಯವರು ಇಳಿಯುವುದು ಇದೇ ಘಟ್ಟವನ್ನು. ಮಳೆಗಾಲದ ಭಾನುವಾರ ಜಲಪಾತದ ಎದುರು ರಸ್ತೆಯ ಎರಡೂ ಬದಿ ಕಾರು ನಿಲ್ಲಿಸಿ, ಬಾಗಿಲು ತೆರೆದಿಟ್ಟು, ಹಾಡು ಹಾಕಿ ಕುಣಿಯುವವರ ಮಧ್ಯೆ ಆಂಬುಲೆನ್ಸ್ ಹೋಗುವುದು ಹೇಗೆ? "ಐದೇ ನಿಮಿಷ ಸಾರ್" ಅನ್ನುತ್ತಾರೆ. ಇಪ್ಪತ್ತು ಕಾರಿನ ಐದೈದು ನಿಮಿಷ ಎಷ್ಟಾಯಿತು?

ಘಟ್ಟದಲ್ಲಿ ಅಣ್ಣಪ್ಪ ಸ್ವಾಮಿಯ ಗುಡಿ ಇದೆ. ಹಳೆಯ ಡ್ರೈವರುಗಳು ಅಲ್ಲಿ ನಿಲ್ಲಿಸಿ ಕೈಮುಗಿದು ಕಾಣಿಕೆ ಹಾಕಿಯೇ ಮುಂದೆ ಹೋಗುತ್ತಿದ್ದರು. ಭಕ್ತಿ ಇದ್ದವರಿಗೆ ಭಕ್ತಿ. ಇಲ್ಲದವರಿಗೂ ಅದರಲ್ಲಿ ಒಂದು ಬುದ್ಧಿ ಇತ್ತು: ಗಾಡಿ ನಿಲ್ಲಬೇಕು, ಎಂಜಿನ್ ತಣಿಯಬೇಕು, ಡ್ರೈವರನ ಕಣ್ಣಿಗೆ ನೀರು ಬೀಳಬೇಕು. ಈಗ ಓಡುವ ಕಾರಿನ ಕಿಟಕಿಯಿಂದಲೇ ಕೈಮುಗಿಯುತ್ತೇವೆ!

ಮೇಲೆ ಬಂದರೆ ಮೂಡಿಗೆರೆ, ಆಲ್ದೂರು ಕಡೆಯ ತೋಟಗಳು. ಕೊಯ್ಲಿನ ಕಾಲದಲ್ಲಿ ಬೆಳಿಗ್ಗೆಯೂ ಸಂಜೆಯೂ ಪಿಕಪ್, ಜೀಪುಗಳಲ್ಲಿ ಆಳುಗಳು ಹೋಗಿ ಬರುತ್ತಿರುತ್ತಾರೆ. ಎಷ್ಟೋ ಜನ ರಸ್ತೆ ಬದಿಯಲ್ಲೇ ನಡೆಯುತ್ತಾರೆ. ಅಲ್ಲಿ ಫುಟ್‌ಪಾತ್ ಅನ್ನುವುದಿಲ್ಲ, ಬೇಲಿ ಮುಗಿದಲ್ಲಿ ಡಾಂಬರು. ಕತ್ತಲಾದ ಮೇಲೆ ಆನೆಗಳು ತೋಟದಿಂದ ತೋಟಕ್ಕೆ ದಾಟುತ್ತವೆ. ಊರಿನವರು ಎದೆ ಬಡಿದುಕೊಳ್ಳುತ್ತಾ ಬೈಕಿನಲ್ಲಿ ಮನೆ ಸೇರುವ ಹೊತ್ತಿಗೇ "ಲೇಟಾಯ್ತು, ಹೊಡಿ ಹೊಡಿ" ಅಂತ ಓಡಿಸುವ ಕಾರು ಬರುತ್ತದೆ.

ಉಡುಪಿ, ಕಾರ್ಕಳ ಕಡೆಯವರದ್ದು ಇನ್ನೊಂದು ಪ್ಲಾನ್. ಕುದುರೆಮುಖದ ದಾರಿಯಲ್ಲಿ ಹತ್ತಿ, ಕಳಸ, ಹೊರನಾಡು ಮುಗಿಸಿ, "ಹಾಗೇ" ಬಾಬಾಬುಡನ್‌ಗಿರಿ, "ಹಾಗೇ" ಬೆಂಗಳೂರು. ಕಳಸಕ್ಕೂ ಚಿಕ್ಕಮಗಳೂರಿಗೂ ನಡುವೆ ಎಷ್ಟು ತಿರುವುಗಳಿವೆ ಅಂತ ಹಿಂದಿನ ಸೀಟಿನಲ್ಲಿ ಕೂತು ವಾಂತಿ ಮಾಡಿದ ಮಕ್ಕಳನ್ನು ಕೇಳಿ, ಹೇಳುತ್ತಾರೆ. ಮಳೆಗಾಲದಲ್ಲಿ ಭದ್ರೆ ಉಕ್ಕಿ ಕಳಸ-ಹೊರನಾಡಿನ ಮಧ್ಯದ ಹೆಬ್ಬಾಳೆ ಸೇತುವೆ ಎಷ್ಟೋ ಸಲ ಮುಳುಗಿದೆ. ನೀಲಿ ಗೆರೆಗೆ ಅದು ಗೊತ್ತಾಗುವಷ್ಟರಲ್ಲಿ ನೀವು ಈ ದಡದಲ್ಲಿರುತ್ತೀರಿ.

ಇಷ್ಟು ಹೇಳಿದರೆ ಒಂದು ಉತ್ತರ ತಯಾರಿರುತ್ತದೆ: "ಹಾಗಾದ್ರೆ ರಸ್ತೆ ಅಗಲ ಮಾಡ್ಲಿ. ನಾಲ್ಕು ಲೇನ್ ಮಾಡಿದ್ರೆ ಈ ಕಷ್ಟ ಯಾಕೆ?" ನನಗೆ ನಿಜವಾಗಿ ಸಿಟ್ಟು ಬರುವುದು ಈ ಮಾತಿಗೆ. ಪಕ್ಕದ ಶಿರಾಡಿಯನ್ನೇ ನೋಡಿ. ಕಾಂಕ್ರೀಟಿಗಾಗಿ 2015ರಲ್ಲಿ ತಿಂಗಳುಗಟ್ಟಲೆ ಮುಚ್ಚಿದರು, 2018ರಲ್ಲಿ ಇನ್ನೊಮ್ಮೆ ಮುಚ್ಚಿದರು. 2018ರ ಜುಲೈಯಲ್ಲಿ ತೆರೆದ ರಸ್ತೆ ಆಗಸ್ಟ್ ಮಳೆಗೆ ಗುಡ್ಡ ಕುಸಿದು ಮತ್ತೆ ಮುಚ್ಚಿತು. ರಸ್ತೆ ಗಟ್ಟಿಯಾಗಿತ್ತು, ಗುಡ್ಡ ಗಟ್ಟಿ ಇರಲಿಲ್ಲ! 2019ರ ಆಗಸ್ಟಿನಲ್ಲಿ ಚಾರ್ಮಾಡಿಯ ಸರದಿ. ಹತ್ತಾರು ಕಡೆ ಕುಸಿದು ಘಟ್ಟ ಬಂದ್. ತೆರೆದ ಮೇಲೂ ದೊಡ್ಡ ಗಾಡಿಗಳಿಗೆ, ರಾತ್ರಿ ಓಡಾಟಕ್ಕೆ ಬಹಳ ಕಾಲ ನಿರ್ಬಂಧ ಇತ್ತು. 2024ರ ಜುಲೈಯಲ್ಲಿ ಸಕಲೇಶಪುರದ ಹತ್ತಿರ ದೊಡ್ಡತಪ್ಲುವಿನಲ್ಲಿ ಮಣ್ಣು ಮತ್ತೆ ಮತ್ತೆ ರಸ್ತೆಗೆ ಬಂತು.

ಅದೇ ತಿಂಗಳು 16ನೇ ತಾರೀಕು ಅಂಕೋಲಾದ ಶಿರೂರಿನಲ್ಲಿ ಏನಾಯಿತು ಅನ್ನುವುದು ಎಲ್ಲರಿಗೂ ಗೊತ್ತು. ಅದು ಘಟ್ಟವಲ್ಲ, ಅಗಲ ಮಾಡಿದ ಹೆದ್ದಾರಿ. ಬುಡ ಕತ್ತರಿಸಿದ ಗುಡ್ಡ ಜಾರಿ ಗಂಗಾವಳಿಗೆ ಬಿತ್ತು. ರಸ್ತೆ ಬದಿಯ ಚಹಾದಂಗಡಿ ಮಣ್ಣಿನಡಿಗೆ ಹೋಯಿತು. ಅಂಗಡಿ ನಡೆಸುತ್ತಿದ್ದ ಕುಟುಂಬ, ಚಹಾಕ್ಕೆ ನಿಂತ ಡ್ರೈವರುಗಳು ಹೋದರು. ಒಂದು ಲಾರಿಯನ್ನು ನದಿಯಿಂದ ಎತ್ತಿದ್ದು ಸೆಪ್ಟೆಂಬರಿನಲ್ಲಿ. ಗುಡ್ಡದ ಬುಡವನ್ನು ಗೋಡೆಯ ಹಾಗೆ ನೆಟ್ಟಗೆ ಕಡಿದರೆ ಮೇಲಿನ ಮಣ್ಣಿಗೆ ಆಸರೆ ಎಲ್ಲಿದೆ? ಮಳೆನೀರು ಒಳಗಿಳಿದರೆ ಅದು ಕೂತಲ್ಲೇ ಕೂರುವುದಿಲ್ಲ. ನಾವು ಒಂದು ದಿನದ ಪ್ರವಾಸವನ್ನು ಅರ್ಧ ಗಂಟೆ ಬೇಗ ಮುಗಿಸಲಿಕ್ಕೆ ಚಾರ್ಮಾಡಿಯನ್ನೂ ಹಾಗೆ ಕಡಿಯಬೇಕಾ? ಆಂಬುಲೆನ್ಸಿಗೆ, ಬಸ್ಸಿಗೆ ಒಳ್ಳೆಯ ರಸ್ತೆ ಬೇಕು, ಬೇಡ ಅಂದವರಾರು? ತಡೆಗೋಡೆ ಇರಲಿ, ಚರಂಡಿ ಸರಿ ಇರಲಿ. ಆದರೆ ಅವಸರಕ್ಕೆ ತಕ್ಕಂತೆ ಗುಡ್ಡವನ್ನು ಕೊಯ್ಯುವುದು ಬೇರೆ ಮಾತು.

"ನಾವು ಬಂದ್ರೆ ತಾನೇ ನಿಮ್ಮೂರಿಗೆ ವ್ಯಾಪಾರ?" ಅನ್ನುವವರೂ ಇದ್ದಾರೆ. ಸರಿ. ಒಂದೇ ದಿನಕ್ಕೆ ಬಂದು ಹೋಗುವವರು ಪೆಟ್ರೋಲ್ ಹಾಕಿಸುವುದು ಮಂಗಳೂರಿನಲ್ಲಿ. ಚಿಪ್ಸು, ನೀರಿನ ಬಾಟಲಿ ಕೊಳ್ಳುವುದು ಘಟ್ಟದ ಕೆಳಗೆ. ಅದರ ಖಾಲಿ ಬಾಟಲಿ ಎಸೆಯುವುದು ಘಟ್ಟದ ಮೇಲೆ! ಒಂದು ರಾತ್ರಿ ಉಳಿಯುವವರು ಊಟ ಮಾಡುತ್ತಾರೆ, ಕಾಫಿಪುಡಿ, ಮೆಣಸು ಕೊಳ್ಳುತ್ತಾರೆ, ಊರಿನವರ ಹತ್ತಿರ ನಾಲ್ಕು ಮಾತಾಡುತ್ತಾರೆ. ಊರಿಗೆ ಯಾರಿಂದ ಲಾಭ ಅಂತ ನೀವೇ ಹೇಳಿ.

ಇನ್ನೊಂದು ಮಾತು ನ್ಯಾಯವಾದದ್ದು: "ಎಲ್ಲರಿಗೂ ಎರಡು ದಿನ ರಜೆ ಇರೋದಿಲ್ಲ, ರೂಮಿಗೆ ಕೊಡೋಕೆ ದುಡ್ಡೂ ಇರೋದಿಲ್ಲ." ಒಪ್ಪಿದೆ. ಆದರೆ ರಜೆ ಒಂದೇ ದಿನ ಇದ್ದರೆ ಪ್ರವಾಸವೂ ಒಂದೇ ಇರಲಿ. ಬಸ್ಸಿನಲ್ಲಿ ಕೊಟ್ಟಿಗೆಹಾರಕ್ಕೆ ಬನ್ನಿ, ನೀರ್‌ದೋಸೆ ತಿನ್ನಿ, ಘಟ್ಟ ನೋಡಿ, ಸಂಜೆಯೊಳಗೆ ಇಳಿದು ಮನೆ ಸೇರಿ. ಖರ್ಚೂ ಕಮ್ಮಿ. ಬೆಂಗಳೂರಿಗೇ ಹೋಗಬೇಕಾದರೆ ರೈಲಿದೆ. ಸಕಲೇಶಪುರ-ಸುಬ್ರಹ್ಮಣ್ಯ ನಡುವೆ 55 ಕಿ.ಮೀ. ಘಟ್ಟ, 57 ಸುರಂಗ. ಗೇಜ್ ಬದಲಾವಣೆಗೆ ಅಂತ ವರ್ಷಾನುಗಟ್ಟಲೆ ಮುಚ್ಚಿದ್ದ ಹಳಿಯ ಮೇಲೆ 2007ರ ಡಿಸೆಂಬರಿನಲ್ಲಿ ಮತ್ತೆ ಪ್ರಯಾಣಿಕರ ರೈಲು ಓಡಿತು. 2021ರ ಜುಲೈಯಲ್ಲಿ ಹಗಲಿನ ರೈಲಿಗೆ ಗಾಜಿನ ಮಾಡಿನ ವಿಸ್ಟಾಡೋಮ್ ಬೋಗಿಯನ್ನೂ ಜೋಡಿಸಿದರು. ಕಣ್ಣು ರಸ್ತೆಯ ಮೇಲಿಡಬೇಕಾಗಿಲ್ಲದ ಘಟ್ಟ ಅದು, ಡ್ರೈವರನೂ ನೋಡಬಹುದು!

ಗಿರಿಯೂ ಈಗ "ಹಾಗೇ" ಹೋಗುವ ಜಾಗ ಆಗಿ ಉಳಿದಿಲ್ಲ. 2022ರಲ್ಲಿ ಕುರಿಂಜಿ ಅರಳಿದಾಗ ಸೀತಾಳಯ್ಯನಗಿರಿಯ ರಸ್ತೆ ಕಾರುಗಳ ಸಾಲಿನಲ್ಲಿ ಮುಚ್ಚಿಹೋಗಿತ್ತು. 2025ರ ಸೆಪ್ಟೆಂಬರಿನಿಂದ ಜಿಲ್ಲಾಡಳಿತ ಆನ್‌ಲೈನ್ ನೋಂದಣಿ ತಂದಿತು. ಬೆಳಗಿನದೊಂದು, ಮಧ್ಯಾಹ್ನದ್ದೊಂದು ಪಾಳಿ, ಪಾಳಿಗೆ ಇಂತಿಷ್ಟೇ ಗಾಡಿ. ಡಿಸೆಂಬರಿನ ದತ್ತಜಯಂತಿಯ ದಿನಗಳಲ್ಲಿ ಪ್ರವಾಸಿಗರನ್ನು ಮೇಲೆ ಬಿಡುವುದೇ ಇಲ್ಲ. ಇದು ತಿಳಿಯದೆ ಕೈಮರದವರೆಗೆ ಬಂದು ಪೊಲೀಸರ ಮೇಲೆ ಕೂಗಾಡುವವರಿಗೆ ಏನು ಹೇಳುವುದು? ಮೊದಲೇ ನೋಂದಾಯಿಸಿ, ಹಿಂದಿನ ರಾತ್ರಿ ಚಿಕ್ಕಮಗಳೂರಿನಲ್ಲಿ ಮಲಗಿ, ಬೆಳಗಿನ ಪಾಳಿಗೆ ಹತ್ತಿದರೆ ಯಾವ ಗಲಾಟೆಯೂ ಇಲ್ಲ.

ಬಾಬಾಬುಡನ್ ಮೋಖಾದಿಂದ ಏಳು ಕಾಫಿ ಬೀಜ ತಂದು ಈ ಬೆಟ್ಟದಲ್ಲಿ ಬಿತ್ತಿದರು ಅನ್ನುವುದು ನಾವೆಲ್ಲ ಕೇಳುತ್ತಾ ಬಂದ ಕಥೆ. ಮೂರೂವರೆ ಶತಮಾನದ ಹಿಂದಿನ ಮಾತು. ಹಾಕಿದ ಕಾಫಿ ಗಿಡ ಮೊದಲ ಫಸಲು ಕೊಡಲು ಮೂರ್ನಾಲ್ಕು ವರ್ಷ ಬೇಕು. ತೇಜಸ್ವಿಯವರು ಮೂಡಿಗೆರೆಯ ತೋಟದಲ್ಲಿ ದಶಕಗಳ ಕಾಲ ಕೂತು ಹಕ್ಕಿ ನೋಡಿದರು. ಅವರನ್ನು ಓದಿ ತಲೆದೂಗುವ ನಾವು ಅದೇ ಮೂಡಿಗೆರೆಯನ್ನು ಹತ್ತು ನಿಮಿಷದಲ್ಲಿ ದಾಟಿ "ತೇಜಸ್ವಿಯ ಕಾಡು ನೋಡಿದೆ" ಅಂತ ಬರೆಯುತ್ತೇವೆ!

ಅದಕ್ಕೇ ಪ್ರವಾಸ ಕಥನ ಬರೆಯುವ ಗೆಳೆಯ ಗೆಳತಿಯರಿಗೆ ಒಂದು ಮಾತು. "ಒಂದೇ ದಿನದಲ್ಲಿ ಮುಗಿಸಿದ್ವಿ" ಅಂತ ಬರೆದದ್ದನ್ನು ಓದಿದವರು ಮುಂದಿನ ಭಾನುವಾರವೇ ಮಕ್ಕಳನ್ನು, ವಯಸ್ಸಾದ ಅಪ್ಪ ಅಮ್ಮನನ್ನು ಕೂರಿಸಿಕೊಂಡು ಹೊರಟುಬಿಡುತ್ತಾರೆ. ಬರೆಯುವಾಗ ಎಷ್ಟು ಗಂಟೆಗೆ ಘಟ್ಟ ಹತ್ತಿದಿರಿ, ಎಲ್ಲಿ ನಿದ್ದೆ ತೂಗಿತು, ಎಲ್ಲಿ ರಾತ್ರಿ ಉಳಿಯಬಹುದಿತ್ತು, ಅದನ್ನೂ ಬರೆಯಿರಿ. ಮಳೆಗಾಲವಾದರೆ ಹೊರಡುವ ಮೊದಲು ಘಟ್ಟ ತೆರೆದಿದೆಯೋ ಅಂತ ಕೇಳಿಕೊಳ್ಳಲು ಹೇಳಿ. ಬೆಳಕಿರುವಾಗಲೇ ಘಟ್ಟ ದಾಟಿ, ತಿರುವಿನಲ್ಲಿ ನಿಲ್ಲಿಸಬೇಡಿ, ಹಿಂದೆ ಸೈರನ್ ಕೇಳಿದರೆ ಪಕ್ಕಕ್ಕೆ ಸರಿಯಿರಿ ಅಂತ ಒಂದು ಸಾಲು ಸೇರಿಸಿ.

ಘಟ್ಟ ಎಲ್ಲೂ ಹೋಗುವುದಿಲ್ಲ, ಮುಂದಿನ ಸಲಕ್ಕೂ ಇರುತ್ತದೆ. ನೀವೂ ಇರಬೇಕು, ಆ ದಾರಿಯಲ್ಲಿ ನಡೆಯುವವರೂ ಇರಬೇಕು. ಏನಂತೀರಿ?