ನಡೆಯುತ್ತಿದೆ ಅಂದ್ರೆ ಚೆನ್ನಾಗಿದೆ ಅಂತಲ್ಲ

ಲಕ್ಷ ರೂಪಾಯಿಯ ಪೈಲಟ್ ವಾಚ್ ಇಎಂಐನಲ್ಲಿ ತಗೊಳ್ಳೋಣ ಅಂತಿದ್ದೀರಾ? ತಗೊಳ್ಳಿ. ಆದರೆ ಖರ್ಚು ಅಲ್ಲಿಗೇ ಮುಗಿಯಲ್ಲ.

ನನಗೆ ಇದನ್ನು ಕಲಿಸಿದ್ದು ಅಪ್ಪನ ಎಚ್‌ಎಂಟಿ ಪೈಲಟ್. ಕಪ್ಪು ಡಯಲ್, 17 ಜ್ಯುವೆಲ್, ಬ್ಯಾಟರಿ ಇಲ್ಲ. ನಮ್ಮ ಪೀಣ್ಯದ ಪಕ್ಕದ ಜಾಲಹಳ್ಳಿಯಲ್ಲಿ, ಜಪಾನಿನ ಸಿಟಿಜನ್ ನೆರವಿನಿಂದ 1961ರಲ್ಲಿ ವಾಚ್ ತಯಾರಿಕೆ ಶುರು ಮಾಡಿದ ಕಂಪನಿಯದು. ಅಪ್ಪ ಹೋದ ಮೇಲೆ ಹತ್ತು ವರ್ಷ ಬೀರುವಿನಲ್ಲಿತ್ತು. ಕೀ ಕೊಟ್ಟೆ, ಟಿಕ್ ಟಿಕ್ ಅಂತು! ಖುಷಿಯಲ್ಲಿ ದಿನಾ ಆಫೀಸಿಗೆ ಕಟ್ಟಿಕೊಂಡು ಹೋದೆ. ಆರು ತಿಂಗಳಿಗೆ ನಿಂತೇ ಹೋಯ್ತು.

ರಿಪೇರಿಯವರು ಬಿಚ್ಚಿ ತೋರಿಸಿದರು. ಎಣ್ಣೆ ಒಣಗಿ, ಚಕ್ರದ ತುದಿಗಳು ಸವೆದಿದ್ದವು. ಎಚ್‌ಎಂಟಿ ವಾಚಸ್ ಮುಚ್ಚಲು ಸರ್ಕಾರ 2016ರಲ್ಲೇ ತೀರ್ಮಾನಿಸಿತು. ಬಿಡಿಭಾಗವನ್ನು ಇನ್ನೊಂದು ಹಳೇ ವಾಚಿನಿಂದ ತೆಗೆದು ಹಾಕಬೇಕಾಯ್ತು.

ಹಾಗಾಗಿ ಕೀ ಕೊಡುವ ವಾಚ್ ಸ್ವಿಸ್ ಇರಲಿ, ಜಾಲಹಳ್ಳಿಯದಿರಲಿ, ನಾಲ್ಕೈದು ವರ್ಷಕ್ಕೊಮ್ಮೆ ಬಿಚ್ಚಿಸಿ, ತೊಳೆಸಿ, ಎಣ್ಣೆ ಹಾಕಿಸಿ. ದಿನಾ ಒಂದೇ ಹೊತ್ತಿಗೆ ಕೀ ಕೊಡಿ; ಬಿಗಿಯಾದ ಕೂಡಲೇ ನಿಲ್ಲಿಸಿ. ಸ್ಪೀಕರ್, ಮ್ಯಾಗ್ನೆಟ್ ಚಾರ್ಜರ್ ಪಕ್ಕ ಇಡಬೇಡಿ. ಕೊಳ್ಳುವ ಮುಂಚೆ ಸರ್ವಿಸ್ ಖರ್ಚು ಎಷ್ಟು ಅಂತಲೂ ಕೇಳಿ.

ಅಪ್ಪನ ವಾಚ್ ಈಗ ಮತ್ತೆ ನಡೀತಿದೆ. ಒಳಗಿನ ಒಂದು ಚಕ್ರ ಮಾತ್ರ ಅಪ್ಪನದಲ್ಲ.