ಹುಟ್ಟಿದ ರಾಜ್ಯವೋ, ಕಲಿಸಿದ ರಾಜ್ಯವೋ?

ಪ್ರಸಿದ್ಧ ಗಾಯಕರೊಬ್ಬರು ತೀರಿಕೊಂಡಾಗ ಅಥವಾ ರಾಷ್ಟ್ರಪ್ರಶಸ್ತಿಗಳ ಪಟ್ಟಿ ಹೊರಬಿದ್ದಾಗ ನಮ್ಮಲ್ಲಿ ಒಂದು ಚರ್ಚೆ ತಪ್ಪದೆ ತಲೆಯೆತ್ತುತ್ತದೆ. ಅವರು ಯಾವ ರಾಜ್ಯದವರು? ಜನಪ್ರಿಯ ಸಂಗೀತಕ್ಕೆ ಅತಿ ದೊಡ್ಡ ಪ್ರತಿಭೆಗಳನ್ನು ಕೊಟ್ಟ ರಾಜ್ಯ ಯಾವುದು? ಬಂಗಾಳದವರು ಸಚಿನ್ ದೇವ್ ಬರ್ಮನ್, ಹೇಮಂತ್ ಕುಮಾರ್, ಮನ್ನಾ ಡೇ ಎಂದು ಬೆರಳು ಮಡಿಚುತ್ತಾರೆ. ಪಂಜಾಬಿನವರು ಮೊಹಮ್ಮದ್ ರಫಿ ಹೆಸರು ಹೇಳಿ ಚರ್ಚೆ ಅಲ್ಲಿಗೇ ಮುಗಿಯಿತು ಎನ್ನುತ್ತಾರೆ. ತಮಿಳರಿಗೆ ಇಳಯರಾಜ ಇದ್ದಾರೆ, ಮಲಯಾಳಿಗಳಿಗೆ ಯೇಸುದಾಸ್ ಇದ್ದಾರೆ. ನಾವು ಕನ್ನಡಿಗರು ಡಾ. ರಾಜಕುಮಾರ್ ಅವರಿಂದ ಹಂಸಲೇಖ ಅವರವರೆಗೆ ನಮ್ಮದೇ ಪಟ್ಟಿ ಹಿಡಿದು ನಿಲ್ಲುತ್ತೇವೆ.

ಅಭಿಮಾನದ ಮಾತುಗಳಿಗೆ ನಾನು ವಿರೋಧಿಯಲ್ಲ. ನಿವೃತ್ತಿಯ ನಂತರ ಇಂಥ ಚರ್ಚೆಗಳಲ್ಲಿ ಪಾಲ್ಗೊಳ್ಳಲು ನನಗೆ ಬೇಕಾದಷ್ಟು ಬಿಡುವೂ ಇದೆ. ಆದರೆ ಲೆಕ್ಕಪತ್ರಗಳ ನಡುವೆ ದಶಕಗಳನ್ನು ಕಳೆದವನಿಗೆ ಒಂದು ಅಭ್ಯಾಸ ಬಿಡುವುದಿಲ್ಲ. ಯಾರಾದರೂ ಮೊತ್ತ ಹೇಳಿದರೆ, ಆ ಬಾಬನ್ನು ಯಾವ ಶೀರ್ಷಿಕೆಯಡಿ ತೋರಿಸಿದಿರಿ ಎಂದು ಕೇಳುವ ಅಭ್ಯಾಸ ಅದು. ಆ ಪ್ರಶ್ನೆಯನ್ನು ಇಲ್ಲಿ ಕೇಳಿದೊಡನೆ ಪಟ್ಟಿಗಳು ಅಲುಗಾಡತೊಡಗುತ್ತವೆ.

ಲತಾ ಮಂಗೇಶ್ಕರ್ ಅವರನ್ನೇ ತೆಗೆದುಕೊಳ್ಳೋಣ. ಅವರ ಮನೆತನದ ಬೇರು ಗೋವೆಯ ಮಂಗೇಶಿಯಲ್ಲಿದೆ. ಅವರು ಹುಟ್ಟಿದ್ದು 1929ರಲ್ಲಿ ಇಂದೋರಿನಲ್ಲಿ. ಅಂದು ಹೋಳ್ಕರರ ಸಂಸ್ಥಾನವಾಗಿದ್ದ ಅದು ಇಂದು ಮಧ್ಯಪ್ರದೇಶಕ್ಕೆ ಸೇರಿದೆ. ಬದುಕಿದ್ದು, ಹಾಡಿದ್ದು, 2022ರಲ್ಲಿ ಕಣ್ಮುಚ್ಚಿದ್ದು ಮುಂಬಯಿಯಲ್ಲಿ. ಮಧ್ಯಪ್ರದೇಶ ಮತ್ತು ಮಹಾರಾಷ್ಟ್ರ ಸರ್ಕಾರಗಳೆರಡೂ ಅವರ ಹೆಸರಿನಲ್ಲಿ ಪ್ರಶಸ್ತಿ ಸ್ಥಾಪಿಸಿವೆ. ಕಿಶೋರ್ ಕುಮಾರ್ ಬಂಗಾಳಿ ಕುಟುಂಬದವರು, ಹುಟ್ಟಿದ್ದು ಮಧ್ಯಪ್ರದೇಶದ ಖಂಡ್ವಾದಲ್ಲಿ. ಹೇಮಂತ್ ಕುಮಾರ್ ಜನಿಸಿದ್ದು ವಾರಾಣಸಿಯಲ್ಲಿ. ತ್ರಿಪುರಾದ ರಾಜಮನೆತನದ ಕುಡಿಯಾದ ಸಚಿನ್ ದೇವ್ ಬರ್ಮನ್ ಅವರ ಜನ್ಮಸ್ಥಳ ಕೊಮಿಲ್ಲಾ ಇಂದು ಬಾಂಗ್ಲಾದೇಶದಲ್ಲಿದೆ. ತಮಿಳುನಾಡಿನ ನಾಡಗೀತೆಗೆ ರಾಗ ಕೂಡಿಸಿದ ಎಂ.ಎಸ್. ವಿಶ್ವನಾಥನ್ ಕೇರಳದ ಪಾಲಕ್ಕಾಡಿನವರು.

ನಮ್ಮ ಮನೆಯ ಲೆಕ್ಕವೂ ಇದಕ್ಕಿಂತ ಸರಳವೇನಲ್ಲ. 1992ರ ‘ಜೀವನ ಚೈತ್ರ’ ಚಿತ್ರದ ಹಾಡಿಗಾಗಿ ಶ್ರೇಷ್ಠ ಹಿನ್ನೆಲೆ ಗಾಯಕ ರಾಷ್ಟ್ರಪ್ರಶಸ್ತಿ ಪಡೆದ ರಾಜಕುಮಾರ್ ಅವರ ಹುಟ್ಟೂರು ಗಾಜನೂರು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಆ ಊರು ತಮಿಳುನಾಡಿನ ಕಡೆಗೇ ಉಳಿಯಿತು. ಜನ್ಮಸ್ಥಳವನ್ನೇ ಅಳತೆಗೋಲಾಗಿ ಹಿಡಿದರೆ ಕನ್ನಡದ ಕಣ್ಮಣಿಯನ್ನು ನೆರೆರಾಜ್ಯದ ಖಾತೆಗೆ ಬರೆಯಬೇಕಾಗುತ್ತದೆ! ಅವರಿಗಾಗಿ ವರ್ಷಗಟ್ಟಲೆ ಹಾಡಿದ ಪಿ.ಬಿ. ಶ್ರೀನಿವಾಸ್ ಕಾಕಿನಾಡದವರು. ನಾಲ್ಕಾರು ದಶಕಗಳ ಕಾಲ ಕನ್ನಡಿಗರ ಕಿವಿ ತುಂಬಿದ ಎಸ್. ಜಾನಕಿ ಗುಂಟೂರು ಜಿಲ್ಲೆಯವರು, ಪಿ. ಸುಶೀಲಾ ವಿಜಯನಗರದವರು, ಎಸ್.ಪಿ. ಬಾಲಸುಬ್ರಹ್ಮಣ್ಯಂ ನೆಲ್ಲೂರಿನ ತೆಲುಗು ಮನೆಯವರು. ಈ ಹಾಡುಗಳಲ್ಲಿ ಬಹುಪಾಲು ಧ್ವನಿಮುದ್ರಣಗೊಂಡದ್ದು ಮದ್ರಾಸಿನ ಸ್ಟುಡಿಯೊಗಳಲ್ಲಿ. ಕನ್ನಡದ ಹಾಡು, ಆಂಧ್ರದ ಕಂಠ, ತಮಿಳುನಾಡಿನ ಸ್ಟುಡಿಯೊ. ಇದನ್ನು ಯಾರ ಖಾತೆಗೆ ಜಮಾ ಮಾಡುವುದು?

ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಈ ತೊಡಕು ಹೊಸದಲ್ಲ. ಒಂದು ದೇಶದ ಉತ್ಪನ್ನವನ್ನು ಎರಡು ಬಗೆಯಲ್ಲಿ ಅಳೆಯುತ್ತಾರೆ. ದೇಶದ ಗಡಿಯೊಳಗೆ ಯಾರೇ ದುಡಿದಿರಲಿ, ಅದನ್ನೆಲ್ಲ ಕೂಡಿಸಿದರೆ ಒಟ್ಟು ದೇಶೀಯ ಉತ್ಪನ್ನ. ಆ ದೇಶದವರು ಜಗತ್ತಿನ ಯಾವ ಮೂಲೆಯಲ್ಲೇ ದುಡಿಯಲಿ, ಅವರ ಗಳಿಕೆಯನ್ನು ಕೂಡಿಸಿದರೆ ಒಟ್ಟು ರಾಷ್ಟ್ರೀಯ ಉತ್ಪನ್ನ. ಎರಡೂ ಸರಿಯಾದ ಲೆಕ್ಕಗಳೇ. ಆದರೆ ಒಂದೇ ತಖ್ತೆಯಲ್ಲಿ ಎರಡನ್ನೂ ಬೆರೆಸುವಂತಿಲ್ಲ. ಸಂಗೀತಗಾರರ ವಿಷಯದಲ್ಲಿ ಎಲ್ಲ ರಾಜ್ಯಗಳೂ ಮಾಡುತ್ತಿರುವುದು ಇದನ್ನೇ. ಹೊರಗೆ ಹೋಗಿ ಹೆಸರು ಮಾಡಿದವರನ್ನು ಹುಟ್ಟಿನ ಆಧಾರದ ಮೇಲೆ ಸೇರಿಸಿಕೊಳ್ಳುತ್ತವೆ. ಒಳಗೆ ಬಂದು ನೆಲೆಸಿದವರನ್ನು ವಾಸದ ಆಧಾರದ ಮೇಲೆ ಸೇರಿಸಿಕೊಳ್ಳುತ್ತವೆ. ಖರ್ಚಿನ ಕಲಮೇ ಇಲ್ಲದ ಇಂಥ ಆಯವ್ಯಯದಲ್ಲಿ ಎಲ್ಲರಿಗೂ ಉಳಿತಾಯವೇ.

ಹಾಗಾದರೆ ಈ ಚರ್ಚೆಯೇ ವ್ಯರ್ಥವೇ? ನನಗೆ ಹಾಗೆ ಅನ್ನಿಸುವುದಿಲ್ಲ. ಎಲ್ಲಿ ಹುಟ್ಟಿದರು ಎಂಬ ಪ್ರಶ್ನೆಯ ಬದಲು ಎಲ್ಲಿ ಕಲಿತರು ಎಂದು ಕೇಳಿದರೆ ಇದೇ ಚರ್ಚೆ ಬಹಳ ಉಪಯುಕ್ತವಾಗುತ್ತದೆ.

ಆಂಧ್ರದ ವಿಜಯನಗರದಲ್ಲಿ ಅಲ್ಲಿನ ಮಹಾರಾಜರು 1919ರಲ್ಲಿ ಒಂದು ಸಂಗೀತ ಕಾಲೇಜು ತೆರೆದರು. ಹರಿಕಥಾ ಪಿತಾಮಹ ಆದಿಭಟ್ಲ ನಾರಾಯಣ ದಾಸರು ಅದರ ಮೊದಲ ಪ್ರಾಂಶುಪಾಲರಾಗಿದ್ದರು. ಪಿಟೀಲಿನ ದಿಗ್ಗಜ ದ್ವಾರಂ ವೆಂಕಟಸ್ವಾಮಿ ನಾಯ್ಡು ಅಲ್ಲಿ ಪಾಠ ಹೇಳಿದರು. ಕೃಷ್ಣಾ ಜಿಲ್ಲೆಯ ಹಳ್ಳಿಯೊಂದರಿಂದ ಬಂದ ಘಂಟಸಾಲ ಎಂಬ ಹುಡುಗ ಸಂಗೀತ ಕಲಿತದ್ದು ಆ ಕಾಲೇಜಿನಲ್ಲಿ. ಸುಶೀಲಾ ಕಲಿತದ್ದೂ ಅಲ್ಲಿಯೇ. ತೆಲುಗು ಚಿತ್ರಗೀತೆಯ ಎರಡು ಮಹಾನ್ ಕಂಠಗಳು ಒಂದೇ ಶಾಲೆಯಿಂದ ಹೊರಬಂದದ್ದನ್ನು ಆಕಸ್ಮಿಕವೆಂದು ತಳ್ಳಿಹಾಕಲಾಗದು.

ಗೋವೆಯ ಉದಾಹರಣೆ ಇನ್ನೂ ಕುತೂಹಲಕರ. ಹಿಂದಿ ಚಿತ್ರಗೀತೆಗಳ ಸುವರ್ಣಯುಗದಲ್ಲಿ ಮುಂಬಯಿಯ ವಾದ್ಯವೃಂದಗಳು ಬಹುಮಟ್ಟಿಗೆ ಗೋವನ್ನರ ಕೈಯಲ್ಲಿದ್ದವು. ಸೆಬಾಸ್ಟಿಯನ್ ಡಿಸೋಜ, ಆ್ಯಂಟನಿ ಗೊನ್ಸಾಲ್ವಿಸ್, ಫ್ರ್ಯಾಂಕ್ ಫರ್ನಾಂಡ್ ಮೊದಲಾದವರು ಸಂಗೀತ ನಿರ್ದೇಶಕರ ರಾಗಗಳಿಗೆ ವಾದ್ಯಸಂಯೋಜನೆಯ ಮೈ ಕೊಟ್ಟರು. ಮಜೋರ್ಡಾ ಗ್ರಾಮದ ಗೊನ್ಸಾಲ್ವಿಸ್ ಅವರ ಬಳಿ ಪಿಟೀಲು ಕಲಿತವರಲ್ಲಿ ಲಕ್ಷ್ಮೀಕಾಂತ್-ಪ್ಯಾರೇಲಾಲ್ ಜೋಡಿಯ ಪ್ಯಾರೇಲಾಲ್ ಒಬ್ಬರು. 1977ರ ‘ಅಮರ್ ಅಕ್ಬರ್ ಆ್ಯಂಟನಿ’ ಚಿತ್ರದಲ್ಲಿ ಗುರುವಿನ ಹೆಸರು ಪಾತ್ರದ ಹೆಸರಾಗಿ ದೇಶವಿಡೀ ಮೊಳಗಿತು. ಇಷ್ಟು ಪುಟ್ಟ ಪ್ರದೇಶದಿಂದ ಇಷ್ಟೊಂದು ವಾದ್ಯಗಾರರು ಬಂದದ್ದು ಹೇಗೆ? ಉತ್ತರ ಸಮುದ್ರದ ಗಾಳಿಯಲ್ಲಿಲ್ಲ. ಪೋರ್ಚುಗೀಸರ ಕಾಲದಲ್ಲಿ ಚರ್ಚುಗಳ ಆಶ್ರಯದಲ್ಲಿ ನಡೆಯುತ್ತಿದ್ದ ಊರ ಶಾಲೆಗಳಲ್ಲಿ ಬಡವರ ಮಕ್ಕಳೂ ಸ್ವರಲಿಪಿ ಓದಲು, ವಾದ್ಯ ನುಡಿಸಲು ಕಲಿಯುತ್ತಿದ್ದರು. ಮುಂಬಯಿಗೆ ಸ್ವರಲಿಪಿ ಬಲ್ಲವರು ಬೇಕಾದಾಗ ಗೋವೆಯಲ್ಲಿ ಅವರು ಸಿದ್ಧರಾಗಿದ್ದರು. 1961ರವರೆಗೆ ಭಾರತದ ಭಾಗವೇ ಆಗಿರದ ನೆಲವೊಂದು ಭಾರತದ ಅತ್ಯಂತ ಜನಪ್ರಿಯ ಸಂಗೀತಕ್ಕೆ ಹೀಗೆ ಕೈಜೋಡಿಸಿತು.

ಪಾಠಶಾಲೆಯೆಂದರೆ ಗೋಡೆ, ಮಾಡು ಇರುವ ಕಟ್ಟಡವೇ ಆಗಬೇಕಿಲ್ಲ. ಲತಾ ಅವರ ಮೊದಲ ಶಾಲೆ ತಂದೆ ದೀನಾನಾಥ ಮಂಗೇಶ್ಕರರ ನಾಟಕ ಮಂಡಳಿ. ರಾಜಕುಮಾರ್ ಅವರ ಶಾಲೆ ಗುಬ್ಬಿ ವೀರಣ್ಣನವರ ಕಂಪೆನಿ. ಪಣ್ಣೈಪುರದ ಇಳಯರಾಜ ಮೊದಲು ಅಣ್ಣ ಪಾವಲರ್ ವರದರಾಜನ್ ಅವರ ತಂಡದೊಡನೆ ಊರೂರು ಅಲೆದರು, ಬಳಿಕ ಮದ್ರಾಸಿನಲ್ಲಿ ಧನರಾಜ್ ಮಾಸ್ತರರ ಬಳಿ ಪಾಶ್ಚಾತ್ಯ ಸಂಗೀತ ಕಲಿತರು, ಆಮೇಲೆ ನಮ್ಮ ಚಿತ್ರರಂಗದ ಜಿ.ಕೆ. ವೆಂಕಟೇಶ್ ಅವರ ಸಹಾಯಕರಾಗಿ ದುಡಿದರು. 1976ರಲ್ಲಿ ಮೊದಲ ಚಿತ್ರ ‘ಅನ್ನಕ್ಕಿಳಿ’ ಬಂದಾಗ ಜನರಿಗೆ ಕೇಳಿಸಿದ್ದು ಹಳ್ಳಿಯ ಸೊಗಡು. ಆ ಸೊಗಡಿನ ಹಿಂದೆ ಮೂರು ಬಗೆಯ ಗುರುಕುಲಗಳ ದುಡಿಮೆಯಿತ್ತು.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ಕಿಶೋರ್ ಕುಮಾರ್ ಶಾಸ್ತ್ರೀಯವಾಗಿ ಕಲಿತವರಲ್ಲವಲ್ಲ, ಪ್ರತಿಭೆ ಹುಟ್ಟಿನಿಂದಲೇ ಬರುವುದಲ್ಲವೇ ಎಂದು ಕೇಳುವವರಿದ್ದಾರೆ. ನಿಜ. ಆದರೆ ಮುಂಬಯಿಯಲ್ಲಿ ಅಣ್ಣ ಅಶೋಕ್ ಕುಮಾರ್ ಆಗಲೇ ಹೆಸರಾಂತ ನಟರಾಗಿದ್ದರು. ಸೈಗಲ್ ಅವರ ಧಾಟಿ ಬಿಟ್ಟು ನಿನ್ನದೇ ದಾರಿ ಹಿಡಿ ಎಂದು ಬುದ್ಧಿ ಹೇಳಲು ಸಚಿನ್ ದೇವ್ ಬರ್ಮನ್ ಇದ್ದರು. ಪ್ರತಿಭೆ ಎಲ್ಲ ಕಡೆಯೂ ಹುಟ್ಟುತ್ತದೆ. ಅಣ್ಣನೂ ಬರ್ಮನ್‌ರೂ ಇಲ್ಲದ ಖಂಡ್ವಾಗಳಲ್ಲಿ ಹುಟ್ಟಿದವರ ಹೆಸರು ನಮಗೆ ತಿಳಿಯುವುದೇ ಇಲ್ಲ.

ಈ ದೃಷ್ಟಿಯಿಂದ ಕರ್ನಾಟಕ ಹೆಮ್ಮೆಪಡಬೇಕಾದ ವಿಷಯಗಳು ನಾವು ಸಾಮಾನ್ಯವಾಗಿ ಹೇಳುವ ಪಟ್ಟಿಗಿಂತ ಬೇರೆಯೇ ಆಗಿವೆ. ಬೀಳಗಿಯ ಅಮೀರ್‌ಬಾಯಿ 1943ರ ‘ಕಿಸ್ಮತ್’ ಚಿತ್ರದಲ್ಲಿ ಹಾಡಿ ದೇಶದ ಮನೆಮಾತಾದರು. ನಮ್ಮ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರಲ್ಲಿ. ಅದಕ್ಕೂ ಮೂರು ದಶಕ ಮೊದಲೇ ಈ ಹೆಣ್ಣುಮಗಳು ‘ಕರ್ನಾಟಕಿ’ ಎಂಬ ಹೆಸರನ್ನು ಹಿಂದಿ ಚಿತ್ರಗಳಲ್ಲಿ ಮೆರೆಸಿದ್ದರು. ಆಕೆಗೆ ಮುಂಬಯಿ ಬೇಕಾಯಿತು, ಏಕೆಂದರೆ ಅಂದು ಇಲ್ಲಿ ಅಂಥ ವೇದಿಕೆಯೇ ಇರಲಿಲ್ಲ. ಕನ್ನಡದ ಮೊದಲ ವಾಕ್ಚಿತ್ರಗಳಲ್ಲೊಂದಾದ ‘ಸತಿ ಸುಲೋಚನ’ ಕೂಡ 1934ರಲ್ಲಿ ತಯಾರಾದದ್ದು ಕೊಲ್ಹಾಪುರದಲ್ಲಿ.

ವೇದಿಕೆ ಇದ್ದಾಗ ಏನಾಯಿತು ಎಂಬುದನ್ನೂ ನೋಡೋಣ. 1950ರಲ್ಲಿ ಧಾರವಾಡದಲ್ಲಿ ಆಕಾಶವಾಣಿ ಕೇಂದ್ರ ಆರಂಭವಾಯಿತು. ಮೈಸೂರು, ಬೆಂಗಳೂರು ಕೇಂದ್ರಗಳೂ ಕವಿಗಳ ಗೀತೆಗಳಿಗೆ ಜಾಗ ಕೊಟ್ಟವು. ಮೈಸೂರು ಅನಂತಸ್ವಾಮಿ, ಸಿ. ಅಶ್ವಥ್, ಶಿವಮೊಗ್ಗ ಸುಬ್ಬಣ್ಣ ಅವರಂಥವರು ಸುಗಮ ಸಂಗೀತವನ್ನು ಜನಸಾಮಾನ್ಯರ ಸೊತ್ತಾಗಿಸಿದರು. 1978ರ ‘ಕಾಡು ಕುದುರೆ’ ಚಿತ್ರದ ಹಾಡಿಗೆ ರಾಷ್ಟ್ರಪ್ರಶಸ್ತಿ ಪಡೆದ ಸುಬ್ಬಣ್ಣ, ಕನ್ನಡದ ಗಾಯನಕ್ಕೆ ಆ ಗೌರವ ತಂದ ಮೊದಲಿಗರು. ಕವಿತೆಯನ್ನು ಇಷ್ಟು ದೊಡ್ಡ ಪ್ರಮಾಣದಲ್ಲಿ ಜನರ ಬಾಯಿಗೆ ತಂದ ಇಂಥ ಪರಂಪರೆ ದೇಶದಲ್ಲಿ ಅಪರೂಪ.

ಇನ್ನು ಗದುಗಿನ ವೀರೇಶ್ವರ ಪುಣ್ಯಾಶ್ರಮ. ಸ್ವತಃ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು, ಅವರ ನಂತರ 2010ರವರೆಗೂ ಬದುಕಿದ್ದ ಪುಟ್ಟರಾಜ ಗವಾಯಿಗಳು, ಅಂಧರಿಗೂ ಅನಾಥರಿಗೂ ಬಡವರಿಗೂ ಅನ್ನ ಹಾಕಿ ಸಂಗೀತ ಕಲಿಸಿದರು. ನಾಟಕ ಕಂಪೆನಿ ಕಟ್ಟಿ, ಅದರ ಗಳಿಕೆಯಿಂದ ಶಿಷ್ಯರನ್ನು ಸಾಕಿದರು. ಬಸವರಾಜ ರಾಜಗುರು ಪಂಚಾಕ್ಷರಿ ಗವಾಯಿಗಳ ಶಿಷ್ಯರು. ದಾಸರ ಪದ, ವಚನಗಳ ಮೂಲಕ ಶಾಸ್ತ್ರ ತಿಳಿಯದವರನ್ನೂ ತಲುಪಿದ ಎಂ. ವೆಂಕಟೇಶ ಕುಮಾರ್ ಬೆಳೆದದ್ದು ಆ ಆಶ್ರಮದಲ್ಲಿ. ಪಂಚಾಕ್ಷರಿ ಗವಾಯಿಗಳ ಬದುಕನ್ನು ಕುರಿತ 1995ರ ಚಿತ್ರಕ್ಕೆ ಹಾಡಿ ಎಸ್.ಪಿ. ಬಾಲಸುಬ್ರಹ್ಮಣ್ಯಂ, ಸಂಗೀತ ನೀಡಿ ಹಂಸಲೇಖ ರಾಷ್ಟ್ರಪ್ರಶಸ್ತಿ ಪಡೆದರು. ತೆಲುಗು ಮನೆಯ ಗಾಯಕನಿಗೆ ಕನ್ನಡ ಕೊಟ್ಟ ಗೌರವವದು. ಅದರಲ್ಲಿ ಯಾವ ರಾಜ್ಯದ ಪಾಲು ಎಷ್ಟು ಎಂದು ಭಾಗ ಮಾಡಲು ಹಣಕಾಸು ಆಯೋಗದಿಂದಲೂ ಆಗದು.

ಈ ಮಾತುಗಳನ್ನು ಕೇವಲ ಕುತೂಹಲಕ್ಕಾಗಿ ಬರೆಯುತ್ತಿಲ್ಲ. ಜನ್ಮಸ್ಥಳದ ಹೆಮ್ಮೆಗೆ ಸರ್ಕಾರಿ ಹಣ ಎಷ್ಟು ಸುಲಭವಾಗಿ ಹರಿಯುತ್ತದೆ, ಕಲಿಕೆಗೆ ಎಷ್ಟು ಕಷ್ಟದಿಂದ ಹರಿಯುತ್ತದೆ ಎಂಬುದನ್ನು ನಾನು ಸೇವೆಯಲ್ಲಿದ್ದಾಗ ಕಂಡಿದ್ದೇನೆ. ಜಿಲ್ಲೆಯೊಂದರಲ್ಲಿ ಒಂದೇ ವರ್ಷ ನನ್ನ ಮೇಜಿಗೆ ಎರಡು ಕಡತಗಳು ಬಂದವು. ಒಂದು, ದಿವಂಗತ ಕಲಾವಿದರೊಬ್ಬರ ಸ್ಮಾರಕ ಭವನದ್ದು. ಅದು ತಿಂಗಳುಗಳಲ್ಲೇ ಮಂಜೂರಾಗಿ, ಗುದ್ದಲಿ ಪೂಜೆಯೂ ನಡೆಯಿತು. ಇನ್ನೊಂದು, ಶಾಲೆಗಳಿಗೆ ಇಬ್ಬರು ಸಂಗೀತ ಶಿಕ್ಷಕರನ್ನು ಒದಗಿಸುವ ಪ್ರಸ್ತಾವ. ಅದು ಆಕ್ಷೇಪಣೆಗಳೊಡನೆ ಮೂರು ಬಾರಿ ಹಿಂದಿರುಗಿ, ಕೊನೆಗೆ ಮುಕ್ತಾಯ ಕಂಡಿತು. ಇದರಲ್ಲಿ ಯಾರ ದುರುದ್ದೇಶವೂ ಇರಲಿಲ್ಲ. ಭವನವೆಂದರೆ ಬಂಡವಾಳ ವೆಚ್ಚ. ಒಮ್ಮೆ ಕೊಟ್ಟರೆ ಮುಗಿಯಿತು, ಶಿಲಾಫಲಕವೂ ಉಳಿಯುತ್ತದೆ. ಶಿಕ್ಷಕನೆಂದರೆ ರಾಜಸ್ವ ವೆಚ್ಚ. ಸಂಬಳ, ತುಟ್ಟಿಭತ್ಯೆ, ಪಿಂಚಣಿ ಎಂದು ಮೂವತ್ತು ವರ್ಷ ಬೆನ್ನಿಗಂಟಿಕೊಳ್ಳುತ್ತದೆ. ಲೆಕ್ಕ ಪದ್ಧತಿಯೇ ಕಲ್ಲಿನ ಪರವಾಗಿ, ಗುರುವಿನ ವಿರುದ್ಧವಾಗಿ ವಾಲಿದೆ.

ಇಂದು ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ ಹೆಸರಿನ ಸಂಗೀತ ವಿಶ್ವವಿದ್ಯಾಲಯವಿದೆ. ಸಂತೋಷ. ಆದರೆ ನಮ್ಮ ಹೆಚ್ಚಿನ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಸಂಗೀತ ಶಿಕ್ಷಕರಿಲ್ಲ. ಕಳಸ ಏರಿಸಿ ಆಗಿದೆ, ಮೆಟ್ಟಿಲು ಕಟ್ಟುವುದು ಬಾಕಿಯಿದೆ. ಹಣವಂತರ ಮಕ್ಕಳು ಖಾಸಗಿ ತರಗತಿಗಳಲ್ಲಿ ಕೀಬೋರ್ಡು, ಗಿಟಾರು ಕಲಿಯುತ್ತಾರೆ. ಸುಶ್ರಾವ್ಯವಾಗಿ ಹಾಡಬಲ್ಲ ಕೂಲಿಕಾರರ ಮಗಳು ಪ್ರಾರ್ಥನೆಯ ವೇಳೆ ಎರಡು ನಿಮಿಷ ಹಾಡಿ ಸುಮ್ಮನಾಗುತ್ತಾಳೆ.

ಮಾಡಬಹುದಾದ ಕೆಲಸ ದುಬಾರಿಯೇನಲ್ಲ. ಶಾಲೆಗೊಬ್ಬರಂತೆ ಸಾಧ್ಯವಾಗದಿದ್ದರೆ ಕ್ಲಸ್ಟರಿಗೊಬ್ಬರಂತೆ ಸಂಗೀತ ಶಿಕ್ಷಕರನ್ನು ನೇಮಿಸಿ, ವಾರದ ಒಂದೊಂದು ದಿನ ಒಂದೊಂದು ಶಾಲೆಗೆ ಕಳುಹಿಸಬಹುದು. ಹಾರ್ಮೋನಿಯಂ, ತಬಲ, ಪಿಟೀಲುಗಳನ್ನು ತಾಲ್ಲೂಕು ಗ್ರಂಥಾಲಯಗಳ ಮೂಲಕ ಪುಸ್ತಕಗಳಂತೆ ಎರವಲು ಕೊಡಬಹುದು. ಊರಿನ ತತ್ವಪದಕಾರರನ್ನು, ಭಜನಾ ಮೇಳದ ಹಿರಿಯರನ್ನು ಗೌರವಧನ ಕೊಟ್ಟು ಶಾಲೆಗೆ ಕರೆಸಬಹುದು. ಬಾಗಿಲು ಹಾಕಿಕೊಂಡಿರುವ ರಂಗಮಂದಿರಗಳನ್ನು ಸಂಜೆ ಎರಡು ತಾಸು ಅಭ್ಯಾಸಕ್ಕೆ ಬಿಟ್ಟುಕೊಡಬಹುದು. ಮುಂದಿನ ಸ್ಮಾರಕ ಮಂಜೂರು ಮಾಡುವಾಗ, ಅದರ ವೆಚ್ಚದಷ್ಟೇ ಮೊತ್ತವನ್ನು ಆ ಕಲಾವಿದರ ಹೆಸರಿನಲ್ಲಿ ಶಿಕ್ಷಕರ ವೇತನ ನಿಧಿಗೆ ಇಡಬೇಕೆಂಬ ನಿಯಮ ಮಾಡಿದರೆ ಇನ್ನೂ ಒಳ್ಳೆಯದು.

ಅತಿ ದೊಡ್ಡ ಗಾಯಕರನ್ನು ಹೆತ್ತ ರಾಜ್ಯ ಯಾವುದೆಂಬ ಚರ್ಚೆ ಮುಂದೆಯೂ ನಡೆಯುತ್ತಿರಲಿ, ಅದರಿಂದ ಹಾನಿಯಿಲ್ಲ. ಹೆರುವುದು ತಾಯಂದಿರ ಕೆಲಸ, ಅದರಲ್ಲಿ ಸರ್ಕಾರದ ಪಾತ್ರವೇನೂ ಇಲ್ಲ. ಹುಟ್ಟಿದ ಕಂಠಕ್ಕೆ ಒಬ್ಬ ಗುರುವನ್ನು ಒದಗಿಸುವುದಷ್ಟೇ ರಾಜ್ಯದ ಕೈಯಲ್ಲಿರುವ ಕೆಲಸ. ಇನ್ನು ಇಪ್ಪತ್ತು ವರ್ಷಗಳ ನಂತರ ಈ ಚರ್ಚೆಯಲ್ಲಿ ಎದೆಯುಬ್ಬಿಸಿ ಮಾತನಾಡುವ ಹಕ್ಕು, ಇಂದು ಆ ಶಿಕ್ಷಕರ ಕಡತಕ್ಕೆ ಸಹಿ ಹಾಕುವ ರಾಜ್ಯಕ್ಕೆ ಸಿಗುತ್ತದೆ.