ಠಾಣೆಯ ಕೋಣೆಯ ಮಾತಿಗೂ ದಾಖಲೆ ಬೇಕು

ಹಿನಕಲ್ಲನ್ನು ಹಾದುಹೋಗುವ ಹುಣಸೂರು ರಸ್ತೆ ಪಿರಿಯಾಪಟ್ಟಣವನ್ನು ದಾಟಿ ಕೊಡಗನ್ನು ಸೇರುತ್ತದೆ. ಅಲ್ಲಿನ ಕುಶಾಲನಗರದ ಕಡೆಯ ಬಡ ಗಿರಿಜನ ಕೂಲಿಗಾರನೊಬ್ಬ ತನ್ನ ಹೆಂಡತಿ ಕಾಣೆಯಾಗಿದ್ದಾಳೆಂದು 2020ರಲ್ಲಿ ಪೋಲೀಸರಿಗೆ ದೂರು ಕೊಟ್ಟ. ಆ ಬಳಿಕ ನಮ್ಮ ಜಿಲ್ಲೆಯ ಬೆಟ್ಟದಪುರ ಠಾಣೆಯ ಸರಹದ್ದಿನಲ್ಲಿ ಒಂದು ಅಸ್ಥಿಪಂಜರ ಸಿಕ್ಕಿತು. ಅದು ಆಕೆಯದೇ, ಕೊಂದವನು ಗಂಡನೇ ಎಂದು ಪೋಲೀಸರು ಆಪಾದನೆ ಹೊರಿಸಿದರು. ಸುಮಾರು ಒಂದೂವರೆ ವರ್ಷ ಆತ ಸೆರೆಮನೆಯಲ್ಲಿ ಕೊಳೆತ. 2025ರ ಏಪ್ರಿಲಿನಲ್ಲಿ 'ಸತ್ತ' ಹೆಂಡತಿ ಮಡಿಕೇರಿಯಲ್ಲಿ ಜೀವಂತವಾಗಿ ಸಿಕ್ಕಳು! ಮೈಸೂರಿನ ನ್ಯಾಯಾಲಯ ಆತನನ್ನು ಬಿಡುಗಡೆ ಮಾಡಿ, 1 ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ಆಜ್ಞೆ ಮಾಡಿತು. ಆದರೆ ಕಳೆದುಹೋದ ಆಯುಷ್ಯವನ್ನು ಹಣ ತಂದುಕೊಡುತ್ತದೆಯೇ?

ನಮ್ಮ ಪ್ರಶ್ನೆ ಇಷ್ಟೇ: ಆಪಾದಿತನನ್ನು ಕೂಡಿಸಿಕೊಂಡು ಕೇಳಿದ ಪ್ರಶ್ನೆಗಳೇನು, ಅವನು ಕೊಟ್ಟ ಉತ್ತರಗಳೇನು ಎಂಬುದು ಮೊದಲ ದಿನದಿಂದಲೇ ಯಂತ್ರದಲ್ಲಿ ದಾಖಲಾಗಿ ನ್ಯಾಯಾಧೀಶರ ಮುಂದೆ ಏಕೆ ಬರಬಾರದು?

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯನ್ನು ನೋಡಿರಿ. ಪೋಲೀಸರು ಅಂಗಡಿಯನ್ನು ಶೋಧಿಸಿ ಸಾಮಾನು ವಶಪಡಿಸಿಕೊಂಡರೆ ಅದರ ದೃಶ್ಯವನ್ನೂ ಧ್ವನಿಯನ್ನೂ ದಾಖಲಿಸಲೇಬೇಕೆಂದು 105ನೆಯ ಕಲಮು ಹೇಳುತ್ತದೆ. ಅದೇ ಅಂಗಡಿಯವನನ್ನು ಠಾಣೆಗೆ ಕರೆದೊಯ್ದು ವಿಚಾರಿಸಿದರೆ, 180ನೆಯ ಕಲಮಿನ ಪ್ರಕಾರ 'ದಾಖಲಿಸಬಹುದು', ಅಷ್ಟೇ. ಮೂಟೆಗೆ ಕಡ್ಡಾಯ, ಮನುಷ್ಯನಿಗೆ ಐಚ್ಛಿಕ! ಇದೆಂತಹ ನ್ಯಾಯ?

ಠಾಣೆಗಳಲ್ಲಿ ಕ್ಯಾಮೆರಾ ಇದೆಯಲ್ಲ ಎನ್ನುವವರಿದ್ದಾರೆ. ಸರ್ವೋಚ್ಚ ನ್ಯಾಯಾಲಯ 2020ರ ಡಿಸೆಂಬರ್ 2ರಂದು ಎಲ್ಲ ಠಾಣೆಗಳಲ್ಲಿಯೂ ಧ್ವನಿ ಸಹಿತ ಕ್ಯಾಮೆರಾ ಇರಬೇಕೆಂದು ಆಜ್ಞೆ ಮಾಡಿದ್ದು ನಿಜ. ಆದರೆ ಗೋಡೆಯ ಮೇಲಿನ ಕ್ಯಾಮೆರಾ ಠಾಣೆಯ ಕಾವಲಿಗೆ. ವಿಚಾರಣೆಯ ದಾಖಲೆಯೇ ಬೇರೆ. ಅದು ಮೊದಲ ಪ್ರಶ್ನೆಯಿಂದ ಕೊನೆಯ ಉತ್ತರದವರೆಗೆ ತುಂಡಾಗದೆ ಇರಬೇಕು, ಮೊಕದ್ದಮೆಯ ಕಡತಕ್ಕೆ ಸೇರಬೇಕು.

ಪೋಲೀಸರ ಮುಂದಿನ ತಪ್ಪೊಪ್ಪಿಗೆ ಸಾಕ್ಷ್ಯವೇ ಅಲ್ಲವಲ್ಲ, ದಾಖಲೆಯಿಂದ ಪ್ರಯೋಜನವೇನು ಎಂದು ಕಾಯಿದೆ ಬಲ್ಲವರು ಕೇಳಬಹುದು. 1872ರಲ್ಲಿ ಸಾಕ್ಷ್ಯ ಕಾಯಿದೆ ಬರೆದ ಇಂಗ್ಲಿಷರೂ ಆ ತಪ್ಪೊಪ್ಪಿಗೆಯನ್ನು ನಂಬಲಿಲ್ಲವೆಂಬುದು ಸರಿ. ಹೊಸ ಕಾಯಿದೆಯಲ್ಲಿಯೂ ಅದೇ ನಿಯಮ ಉಳಿದಿದೆ. ಆದರೆ ಆಪಾದಿತನ ಮಾತಿನಿಂದ ವಸ್ತುವೊಂದು ಪತ್ತೆಯಾಯಿತೆಂದರೆ ಅಷ್ಟು ಭಾಗ ಸಾಕ್ಷ್ಯವಾಗುತ್ತದೆ. ಅವನು ನಿಜವಾಗಿಯೂ ಹಾಗೆ ಹೇಳಿದನೇ? ಹೊಡೆತ ತಿಂದು ಹೇಳಿದನೇ? ಕೋಣೆಯ ಗೋಡೆಗಳು ಸಾಕ್ಷಿ ಹೇಳುವುದಿಲ್ಲ. ಅದೇ ಇಂಗ್ಲೆಂಡು 1984ರ ಕಾಯಿದೆಯ ತರುವಾಯ ತನ್ನ ಠಾಣೆಗಳಲ್ಲಿ ವಿಚಾರಣೆಯ ಧ್ವನಿಮುದ್ರಣವನ್ನು ನಿಯಮ ಮಾಡಿಕೊಂಡಿತು.

ಉಳ್ಳವನು ಠಾಣೆಗೆ ಹೋಗುವಾಗ ವಕೀಲನೊಡನೆ ಹೋಗುತ್ತಾನೆ. ಹೆಬ್ಬಾಳ, ಹೂಟಗಳ್ಳಿಯ ಕಾರ್ಖಾನೆಗಳಲ್ಲಿ ರಾತ್ರಿ ಪಾಳಿ ಮುಗಿಸಿ ಬರುವ ಕಾರ್ಮಿಕನಿಗೆ, ತಳ್ಳುಗಾಡಿಯ ವ್ಯಾಪಾರಿಗೆ ಯಾರಿದ್ದಾರೆ? ಪ್ರಾಮಾಣಿಕ ಪೇದೆಗೂ ಈ ದಾಖಲೆ ರಕ್ಷಣೆಯೇ. ಸುಳ್ಳು ಆಪಾದನೆ ಬಂದರೆ ಅದೇ ಅವನ ಸಾಕ್ಷಿ.

ದಂಡ ಪ್ರಕ್ರಿಯೆ ಸಮವರ್ತಿ ಪಟ್ಟಿಯಲ್ಲಿದೆ. ದೆಹಲಿಯತ್ತ ಬೆರಳು ತೋರಿಸಿ ರಾಜ್ಯ ಸರ್ಕಾರ ನುಣುಚಿಕೊಳ್ಳುವಂತಿಲ್ಲ. ತಿದ್ದುಪಡಿ ಬರಲಿ. 'ಬಹುದು' ಎಂಬುದು 'ಬೇಕು' ಎಂದಾಗಲಿ. ದಾಖಲೆಯ ಪ್ರತಿ ಆಪಾದಿತನಿಗೆ ಸಿಗಲಿ. ಯಂತ್ರ ಕೆಟ್ಟಿತ್ತೆಂಬ ನೆಪ ಹೇಳಿದರೆ ಅದರ ಸಂಶಯದ ಲಾಭ ಆಪಾದಿತನಿಗೇ ಸಲ್ಲಲಿ. ಕಾರ್ಮಿಕ ಸಂಘಗಳೂ ವರ್ತಕರ ಸಂಘಗಳೂ ಈ ಬೇಡಿಕೆಯನ್ನು ನಿರ್ಣಯ ಮಾಡಿ ಶಾಸಕರ ಮುಂದೆ ಇಡಬೇಕು. ನಿನ್ನೆ ಕುಶಾಲನಗರದ ಕೂಲಿಗಾರ. ನಾಳೆ ನಮ್ಮಲ್ಲಿ ಯಾರೋ!